ಮೊದಲನೆಯ ಮಹಾಯುದ್ಧ: ಕಾರಣಗಳು ಮತ್ತು ಸಮಾಜದ ಮೇಲೆ ಅದರ ಪರಿಣಾಮಗಳು

(ವಾರ್ಷಿಕ ಸಮಾರಂಭದಲ್ಲಿ ಮಾಡಿದ ಭಾಷಣದ ಲಿಖಿತ ರೂಪ)

 

“ಮೊದಲನೆಯ ಮಹಾಯುದ್ಧಕ್ಕೆ ಕಾರಣಗಳನ್ನು ಬರೆಯಿರಿ.” ಈ ಪ್ರಶ್ನೆಯನ್ನು ನೋಡದ ವಿದ್ಯಾರ್ಥಿ ಇಲ್ಲ. ಸಾಮ್ರಾಜ್ಯಶಾಹಿ, ಸೈನಿಕ ಮೈತ್ರಿಕೂಟಗಳು, ಶಸ್ತ್ರಾಸ್ತ್ರಗಳ ಪೈಪೋಟಿ, ಉಗ್ರ ರಾಷ್ಟ್ರೀಯತೆ, ಕೊನೆಗೆ ತಕ್ಷಣದ ಕಾರಣವಾಗಿ ಸರಾಯೆವೊ ನಗರದ ಕೊಲೆ. ಇಷ್ಟು ಬರೆದರೆ ಪೂರ್ತಿ ಅಂಕ ಸಿಗುತ್ತದೆ. ಉತ್ತರ ಸರಿಯಾಗಿಯೇ ಇದೆ. ಆದರೆ ಇದನ್ನು ಬರೀ ಬಾಯಿಪಾಠ ಮಾಡಿದರೆ ಮನಸ್ಸಿನಲ್ಲಿ ಒಂದು ತಪ್ಪು ಭಾವನೆ ಉಳಿದುಬಿಡುತ್ತದೆ. ಬರಗಾಲ ಬಂದಂತೆ, ಭೂಕಂಪ ಆದಂತೆ ಯುದ್ಧವೂ ತಾನಾಗಿಯೇ ಬಂತು ಅನ್ನಿಸುತ್ತದೆ. ಹಾಗಲ್ಲ. ಯುದ್ಧವನ್ನು ಮನುಷ್ಯರು ತಂದರು. ಅದರಲ್ಲೂ ಓದಿದ ಮನುಷ್ಯರು ತಂದರು. ವಿದ್ಯಾಭ್ಯಾಸಕ್ಕಾಗಿ ಕಟ್ಟಿದ ಸಂಸ್ಥೆಯವರು ನಾವು. ಹಾಗಾಗಿ ಈ ಮಾತನ್ನು ನಾವೇ ಹೆಚ್ಚು ಗಮನ ಕೊಟ್ಟು ಯೋಚಿಸಬೇಕು.

ಗುಂಡಿಗಿಂತ ಮೊದಲೇ ತುಂಬಿದ್ದ ಮದ್ದು

1871ರಲ್ಲಿ ಜರ್ಮನಿಯು ಫ್ರಾನ್ಸನ್ನು ಸೋಲಿಸಿ ಅಲ್ಸೇಸ್ ಮತ್ತು ಲೊರೇನ್ ಎಂಬ ಎರಡು ಪ್ರಾಂತಗಳನ್ನು ಕಿತ್ತುಕೊಂಡಿತು. ಅಂದಿನಿಂದ ಫ್ರಾನ್ಸಿನ ಶಾಲೆಗಳ ಗೋಡೆಯ ಮೇಲಿನ ಭೂಪಟದಲ್ಲಿ ಆ ಭಾಗಕ್ಕೆ ಕಪ್ಪು ಬಣ್ಣ. ಮಾಸ್ತರು ಅದನ್ನು ತೋರಿಸಿ, ಇದನ್ನು ಮರೆಯಬೇಡಿ ಎಂದು ಪಾಠ ಮಾಡುತ್ತಿದ್ದರು. ಜರ್ಮನಿಯ ಶಾಲೆಗಳಲ್ಲಿ ಅದೇ ಗೆಲುವು ಹೆಮ್ಮೆಯ ಪಾಠವಾಯಿತು. 1914ರಲ್ಲಿ ಬಂದೂಕು ಹಿಡಿದು ಒಬ್ಬರ ಎದುರು ಒಬ್ಬರು ನಿಂತ ಯುವಕರು ಈ ಎರಡು ಬಗೆಯ ತರಗತಿಗಳಿಂದ ಬಂದವರೇ.

ಜೊತೆಗೆ ರಾಷ್ಟ್ರಗಳು ಗುಂಪು ಕಟ್ಟಿದವು. 1882ರಲ್ಲಿ ಜರ್ಮನಿ, ಆಸ್ಟ್ರಿಯಾ-ಹಂಗೆರಿ, ಇಟಲಿ ಒಂದು ಕಡೆ. 1894ರಲ್ಲಿ ಫ್ರಾನ್ಸ್ ಮತ್ತು ರಷ್ಯಾ ಕೈಜೋಡಿಸಿದವು. 1904ರಲ್ಲಿ ಬ್ರಿಟನ್ ಫ್ರಾನ್ಸಿನೊಡನೆ, 1907ರಲ್ಲಿ ರಷ್ಯಾದೊಡನೆ ಒಪ್ಪಂದ ಮಾಡಿಕೊಂಡಿತು. ಆಫ್ರಿಕಾ ಏಷ್ಯಾಗಳನ್ನು ಹಂಚಿಕೊಳ್ಳುವ ಆಸೆ ಬೇರೆ. ಮೊರಾಕೊ ದೇಶದ ಮೇಲಿನ ಹಿಡಿತಕ್ಕಾಗಿ 1905ರಲ್ಲಿ ಒಮ್ಮೆ, 1911ರಲ್ಲಿ ಮತ್ತೊಮ್ಮೆ ಯುರೋಪು ಯುದ್ಧದ ಹೊಸ್ತಿಲಿಗೆ ಬಂದು ನಿಂತಿತು. ಮೊರಾಕೊದ ಜನರನ್ನು ಮಾತ್ರ ಯಾರೂ ಏನೂ ಕೇಳಲಿಲ್ಲ! 1906ರಲ್ಲಿ ಬ್ರಿಟನ್ ‘ಡ್ರೆಡ್‌ನಾಟ್’ ಎಂಬ ಭಾರಿ ಯುದ್ಧನೌಕೆಯನ್ನು ನೀರಿಗಿಳಿಸಿದ ಮೇಲೆ ಜರ್ಮನಿಯೂ ಅಂಥವನ್ನೇ ಕಟ್ಟತೊಡಗಿತು. ಅವನು ಕಟ್ಟಿದನೆಂದು ಇವನು, ಇವನು ಕಟ್ಟಿದನೆಂದು ಅವನು.

ಬಾಲ್ಕನ್ ಪ್ರದೇಶದಲ್ಲಿ ಉಸ್ಮಾನಿಯಾ ತುರ್ಕಿ ಸಾಮ್ರಾಜ್ಯ ಬಲಗುಂದಿತ್ತು. ಅದು ಬಿಟ್ಟ ಜಾಗಕ್ಕಾಗಿ ಆಸ್ಟ್ರಿಯಾ, ರಷ್ಯಾ, ಸರ್ಬಿಯಾಗಳ ನಡುವೆ ಎಳೆದಾಟ. 1908ರಲ್ಲಿ ಆಸ್ಟ್ರಿಯಾ ಬೋಸ್ನಿಯಾವನ್ನು ತನ್ನೊಳಗೆ ಸೇರಿಸಿಕೊಂಡಿತು. 1912 ಮತ್ತು 1913ರಲ್ಲಿ ಎರಡು ಬಾಲ್ಕನ್ ಯುದ್ಧಗಳಾದವು. ಮದ್ದಿನ ಮನೆ ತುಂಬಿತ್ತು, ಕಿಡಿಯೊಂದೇ ಬಾಕಿ.

ಮೂವತ್ತೇಳು ದಿನಗಳು

1914ರ ಜೂನ್ 28ರಂದು ಬೋಸ್ನಿಯಾದ ಸರಾಯೆವೊದಲ್ಲಿ ಆಸ್ಟ್ರಿಯಾದ ಯುವರಾಜ ಫ್ರಾಂಜ್ ಫರ್ಡಿನೆಂಡ್ ಮತ್ತು ಆತನ ಪತ್ನಿ ಸೋಫಿಯನ್ನು ಗಾವ್ರಿಲೊ ಪ್ರಿನ್ಸಿಪ್ ಎಂಬ ಹತ್ತೊಂಬತ್ತು ವರ್ಷದ ಹುಡುಗ ಗುಂಡಿಟ್ಟು ಕೊಂದ. ಕಾರಿನ ಚಾಲಕ ದಾರಿ ತಪ್ಪಿ ಬೇರೆ ರಸ್ತೆಗೆ ತಿರುಗಿ, ಆ ಹುಡುಗ ನಿಂತಿದ್ದ ಕಡೆಯೇ ಬಂದದ್ದು ವಿಧಿಯಾಟ ಎನ್ನಬೇಕು. ಆದರೆ ಇಲ್ಲಿಂದ ಮುಂದೆ ನಡೆದದ್ದು ವಿಧಿಯಾಟವಲ್ಲ. ಬ್ರಿಟನ್ ಯುದ್ಧಕ್ಕೆ ಇಳಿದದ್ದು ಆಗಸ್ಟ್ 4ರಂದು. ನಡುವೆ ಮೂವತ್ತೇಳು ದಿನಗಳಿದ್ದವು. ಆ ದಿನಗಳಲ್ಲಿ ಯಾರು ಬೇಕಾದರೂ ನಿಲ್ಲಿಸಬಹುದಿತ್ತು.

ಜುಲೈ ಮೊದಲ ವಾರದಲ್ಲಿ ಜರ್ಮನಿಯು ಆಸ್ಟ್ರಿಯಾಕ್ಕೆ, ನೀನು ಏನು ಮಾಡಿದರೂ ನಾನಿದ್ದೇನೆ ಎಂದು ಮಾತು ಕೊಟ್ಟಿತು. ಜುಲೈ 23ರಂದು ಆಸ್ಟ್ರಿಯಾವು ಸರ್ಬಿಯಾಕ್ಕೆ ಕಠಿಣವಾದ ಷರತ್ತುಗಳ ಪತ್ರ ಕಳಿಸಿ, ನಲವತ್ತೆಂಟು ಗಂಟೆಗಳಲ್ಲಿ ಉತ್ತರ ಕೇಳಿತು. ಸರ್ಬಿಯಾ ಬಹುಪಾಲು ಷರತ್ತುಗಳಿಗೆ ತಲೆಬಾಗಿತು. ತನ್ನ ನೆಲದಲ್ಲಿ ಆಸ್ಟ್ರಿಯಾದ ಅಧಿಕಾರಿಗಳು ವಿಚಾರಣೆಯಲ್ಲಿ ಸೇರುವುದನ್ನು ಮಾತ್ರ ಒಪ್ಪಲಿಲ್ಲ. ಅಷ್ಟೇ ಸಾಕಾಯಿತು. ಜುಲೈ 28ರಂದು ಯುದ್ಧ ಘೋಷಣೆ. ಸರ್ಬಿಯಾದ ಪರವಾಗಿ ರಷ್ಯಾ ಸೇನೆ ಕೂಡಿಸಿತು. ಆಗಸ್ಟ್ 1ರಂದು ರಷ್ಯಾದ ಮೇಲೆ, 3ರಂದು ಫ್ರಾನ್ಸಿನ ಮೇಲೆ ಜರ್ಮನಿ ಯುದ್ಧ ಸಾರಿತು. 4ರಂದು ತಂಟೆಗೇ ಇಲ್ಲದ ಬೆಲ್ಜಿಯಂ ಮೇಲೆ ನುಗ್ಗಿತು.

ಜರ್ಮನಿಯ ಕೈಸರ್ ವಿಲ್‌ಹೆಲ್ಮ್, ರಷ್ಯಾದ ಚಕ್ರವರ್ತಿ ನಿಕೋಲಸ್, ಬ್ರಿಟನ್ನಿನ ದೊರೆ ಐದನೆಯ ಜಾರ್ಜ್ ಒಬ್ಬರಿಗೊಬ್ಬರು ಬಂಧುಗಳು. ಕೊನೆಯ ದಿನಗಳಲ್ಲಿ ಕೈಸರನೂ ನಿಕೋಲಸನೂ ಒಬ್ಬರಿಗೊಬ್ಬರು ತಂತಿ ಕಳಿಸುತ್ತಲೇ ಇದ್ದರು. ಆಗಸ್ಟ್ 1ರಂದು ಕೈಸರನು ತನ್ನ ಸೇನಾ ಮುಖ್ಯಸ್ಥ ಮೋಲ್ಟ್‌ಕೆಯನ್ನು ಕರೆದು, ಫ್ರಾನ್ಸಿನ ಕಡೆ ಹೋಗುವುದು ಬೇಡ, ಸೇನೆಯನ್ನು ಪೂರ್ವಕ್ಕೆ ತಿರುಗಿಸಿ ಎಂದ. ಅದು ಆಗದ ಮಾತು ಎಂದ ಮೋಲ್ಟ್‌ಕೆ. ಎಷ್ಟೋ ವರ್ಷಗಳಿಂದ ರೈಲಿನ ವೇಳಾಪಟ್ಟಿ ಸಹಿತ ಎಲ್ಲ ಯೋಜನೆ ಸಿದ್ಧವಾಗಿತ್ತು, ಹಿಂದಕ್ಕೆ ತಿರುಗುವ ದಾರಿಯನ್ನು ಮಾತ್ರ ಯಾರೂ ಯೋಚಿಸಿರಲಿಲ್ಲ. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಎಂಬ ಗಾದೆ ಸಾಮಾನ್ಯ ಮನುಷ್ಯರಿಗೆ ಎಷ್ಟು ಸತ್ಯವೋ ರಾಜ್ಯಗಳಿಗೂ ಅಷ್ಟೇ ಸತ್ಯ.

ವಿದ್ಯೆಯ ಎರಡು ಮುಖ

ಕೆಲವೇ ತಿಂಗಳಲ್ಲಿ ಮುಗಿಯುತ್ತದೆ ಎಂದುಕೊಂಡ ಯುದ್ಧ ನಾಲ್ಕು ವರ್ಷ ಮೂರು ತಿಂಗಳು ನಡೆಯಿತು. ಫ್ರಾನ್ಸ್ ಮತ್ತು ಬೆಲ್ಜಿಯಂನಲ್ಲಿ ಸೈನಿಕರು ಕಂದಕ ತೋಡಿಕೊಂಡು ಕೆಸರಿನಲ್ಲಿ ವರ್ಷಗಟ್ಟಲೆ ಕುಳಿತರು. 1916ರ ಜುಲೈ 1ರಂದು, ಸೊಮ್ ನದಿಯ ಬಳಿ ನಡೆದ ಕದನದ ಮೊದಲ ದಿನ, ಬ್ರಿಟಿಷ್ ಸೇನೆಯೊಂದರಲ್ಲೇ ಸುಮಾರು 19,000 ಜನ ಸತ್ತರು. ಒಟ್ಟು ಯುದ್ಧದಲ್ಲಿ ಮಡಿದ ಸೈನಿಕರು 90 ಲಕ್ಷದಿಂದ ಒಂದು ಕೋಟಿ ಎಂದು ಇತಿಹಾಸಕಾರರು ಲೆಕ್ಕ ಹಾಕುತ್ತಾರೆ. ಹಸಿವು, ರೋಗ, ಕಗ್ಗೊಲೆಗಳಿಂದ ಸತ್ತ ಲಕ್ಷಾಂತರ ನಾಗರಿಕರು ಬೇರೆ.

ವಿಜ್ಞಾನದ ವಿದ್ಯಾರ್ಥಿಗಳು ಫ್ರಿಟ್ಸ್ ಹೇಬರ್ ಎಂಬ ಹೆಸರನ್ನು ಓದಿರುತ್ತೀರಿ. ಗಾಳಿಯಲ್ಲಿರುವ ಸಾರಜನಕದಿಂದ ಅಮೋನಿಯ ತಯಾರಿಸುವ ವಿಧಾನ ಕಂಡುಹಿಡಿದ ಜರ್ಮನ್ ವಿಜ್ಞಾನಿ ಆತ. ಇಂದು ನಮ್ಮ ರೈತರು ಗದ್ದೆಗೆ ಹಾಕುವ ಯೂರಿಯಾದ ಮೂಲ ಆ ಸಂಶೋಧನೆ. ಅದೇ ಅಮೋನಿಯದಿಂದ ಯುದ್ಧಕಾಲದಲ್ಲಿ ಸ್ಫೋಟಕಗಳನ್ನೂ ಮಾಡಿದರು. 1915ರ ಏಪ್ರಿಲ್ 22ರಂದು ಬೆಲ್ಜಿಯಂನ ಈಪ್ರ್ ಬಳಿ ಕ್ಲೋರಿನ್ ವಿಷಾನಿಲ ಬಿಡುವ ಕೆಲಸದ ಉಸ್ತುವಾರಿಯೂ ಇದೇ ಹೇಬರನದು. ತಲೆ ಒಂದೇ, ವಿದ್ಯೆ ಒಂದೇ. ಒಂದು ಕೈಯಲ್ಲಿ ಅನ್ನ, ಇನ್ನೊಂದು ಕೈಯಲ್ಲಿ ವಿಷ. ಅಂಕಪಟ್ಟಿ ಎಷ್ಟೇ ಚೆನ್ನಾಗಿರಲಿ, ಆ ವಿದ್ಯೆಯನ್ನು ಯಾವುದಕ್ಕೆ ಬಳಸುತ್ತೇವೆ ಎಂಬ ಪ್ರಶ್ನೆಗೆ ಅಂಕಪಟ್ಟಿಯಲ್ಲಿ ಉತ್ತರ ಇರುವುದಿಲ್ಲ.

ಎತ್ತಿಗೆ ಜ್ವರ, ಎಮ್ಮೆಗೆ ಬರೆ

ಇದು ಯುರೋಪಿನ ಜಗಳ, ನಮಗೇನು ಎಂದು ನೀವು ಕೇಳಬಹುದು. ಬ್ರಿಟನ್ ಯುದ್ಧಕ್ಕೆ ಇಳಿದ ಕೂಡಲೇ ಭಾರತವೂ ಯುದ್ಧದಲ್ಲಿದೆ ಎಂದು ವೈಸರಾಯ್ ಸಾರಿಬಿಟ್ಟರು. ಭಾರತೀಯರ ಒಪ್ಪಿಗೆ ಯಾರಿಗೂ ಬೇಕಿರಲಿಲ್ಲ. ಸುಮಾರು 13 ಲಕ್ಷ ಭಾರತೀಯರು ಸಿಪಾಯಿಗಳಾಗಿ, ಕೂಲಿಗಳಾಗಿ ಆ ಯುದ್ಧದಲ್ಲಿ ದುಡಿದರು. 70,000ಕ್ಕೂ ಹೆಚ್ಚು ಜನ ಹಿಂತಿರುಗಲಿಲ್ಲ. 1914ರ ಸೆಪ್ಟೆಂಬರ್ ಕೊನೆಯಿಂದ ಫ್ರಾನ್ಸಿನ ಮಾರ್ಸೇ ಬಂದರಿನಲ್ಲಿ ಇಳಿದ ಪಂಜಾಬಿ, ಪಠಾಣ, ಗಢ್ವಾಲಿ, ಗೂರ್ಖಾ ಸಿಪಾಯಿಗಳಿಗೆ ಆ ಚಳಿಗೆ ತಕ್ಕ ಬಟ್ಟೆ ಕೂಡ ಇರಲಿಲ್ಲ. ಅದೇ ಅಕ್ಟೋಬರ್ 31ರಂದು ಬೆಲ್ಜಿಯಂನಲ್ಲಿ ತನ್ನ ಮೆಷಿನ್‌ಗನ್ ತಂಡದವರೆಲ್ಲ ಸತ್ತ ಮೇಲೂ ಗಾಯಗೊಂಡು ಹೋರಾಡಿದ ಖುದಾದಾದ್ ಖಾನ್‌ಗೆ ವಿಕ್ಟೋರಿಯಾ ಕ್ರಾಸ್ ಪದಕ ಬಂತು. ಭಾರತೀಯ ಸಿಪಾಯಿಯೊಬ್ಬನಿಗೆ ಆ ಪದಕ ಸಿಕ್ಕಿದ್ದು ಅದೇ ಮೊದಲು. ಫ್ರಾನ್ಸಿನ ನೂವ್ ಶಾಪೆಲ್ ಎಂಬ ಹಳ್ಳಿಯಲ್ಲಿ 1927ರಲ್ಲಿ ಕಟ್ಟಿದ ಸ್ಮಾರಕದ ಮೇಲೆ ಸಮಾಧಿಯೂ ಇಲ್ಲದೆ ಹೋದ 4,700ಕ್ಕೂ ಹೆಚ್ಚು ಭಾರತೀಯರ ಹೆಸರುಗಳಿವೆ.

ನಮ್ಮ ಮೈಸೂರು ಸಂಸ್ಥಾನವೂ ದೂರ ಉಳಿಯಲಿಲ್ಲ. ಮಹಾರಾಜರು ಯುದ್ಧನಿಧಿಗೆ 50 ಲಕ್ಷ ರೂಪಾಯಿ ಕೊಟ್ಟರು. ಮೈಸೂರಿನ ಅಶ್ವದಳ ಸೂಯೆಜ್ ಕಾಲುವೆಯ ಕಾವಲಿಗೆ ಈಜಿಪ್ಟಿಗೆ ಹೋಯಿತು. 1918ರ ಸೆಪ್ಟೆಂಬರ್ 23ರಂದು ಜೋಧಪುರದ ಅಶ್ವದಳದ ಜೊತೆ ಸೇರಿ, ಎದುರಿನ ಮೆಷಿನ್‌ಗನ್‌ಗಳಿಗೆ ಅಂಜದೆ, ಈಟಿ ಕತ್ತಿ ಹಿಡಿದು ಹೈಫಾ ಪಟ್ಟಣವನ್ನು ಗೆದ್ದಿತು. ಬೆಂಗಳೂರಿನ ಜೆ.ಸಿ. ನಗರದಲ್ಲಿ ಆ ದಳದ ಸ್ಮಾರಕವಿದೆ. ದೆಹಲಿಯ ತೀನ್ ಮೂರ್ತಿಯ ಮೂರು ಪ್ರತಿಮೆಗಳು ಹೈದರಾಬಾದ್, ಜೋಧಪುರ, ಮೈಸೂರು ದಳಗಳ ನೆನಪಿಗೆ ನಿಂತವು.

ಇನ್ನೊಂದು ಸಂಗತಿ ಕೇಳಿ. ಯುದ್ಧಕ್ಕೆ ಮೊದಲು ನಮ್ಮ ಶ್ರೀಗಂಧದ ಮರ ಯುರೋಪಿಗೆ, ಮುಖ್ಯವಾಗಿ ಜರ್ಮನಿಗೆ, ಎಣ್ಣೆ ತೆಗೆಯಲು ಹೋಗುತ್ತಿತ್ತು. ಯುದ್ಧದಿಂದ ಆ ವ್ಯಾಪಾರ ನಿಂತು ಮರ ಇಲ್ಲೇ ರಾಶಿ ಬಿತ್ತು. ಆಗ ದಿವಾನರಾಗಿದ್ದವರು ಸರ್ ಎಂ. ವಿಶ್ವೇಶ್ವರಯ್ಯ. ನಾವೇ ಏಕೆ ಎಣ್ಣೆ ತೆಗೆಯಬಾರದು ಎಂದು 1916ರಲ್ಲಿ ಬೆಂಗಳೂರಿನಲ್ಲಿ, ಮರುವರ್ಷ ಮೈಸೂರಿನಲ್ಲಿ ಗಂಧದೆಣ್ಣೆ ಕಾರ್ಖಾನೆ ತೆರೆದರು. ಅದರ ಬೆನ್ನಲ್ಲೇ ಬಂದದ್ದು ನಮ್ಮೆಲ್ಲರ ಮನೆಯ ಮೈಸೂರ್ ಸ್ಯಾಂಡಲ್ ಸಾಬೂನು. ಕಷ್ಟಕಾಲದಲ್ಲಿ ಕೈಕಟ್ಟಿ ಕೂರದೆ ಜ್ಞಾನವನ್ನು ಕಟ್ಟುವ ಕೆಲಸಕ್ಕೆ ಬಳಸಿದ್ದಕ್ಕೆ ಇದೊಂದು ಉದಾಹರಣೆ.

ಉರ್ದು ಕಾಗದಗಳು

ಉರ್ದು ಕಲಿಸುವವನಾಗಿ ನನ್ನ ಮನಸ್ಸಿಗೆ ಹೆಚ್ಚು ತಟ್ಟುವುದು ಆ ಸಿಪಾಯಿಗಳ ಕಾಗದಗಳು. ಹೆಚ್ಚಿನವರಿಗೆ ಓದು ಬರಹ ಬರುತ್ತಿರಲಿಲ್ಲ. ಅಕ್ಷರ ಬಲ್ಲ ಜೊತೆಗಾರನ ಮುಂದೆ ಕುಳಿತು ಹೇಳಿ ಬರೆಸುತ್ತಿದ್ದರು. ಉರ್ದು, ಗುರುಮುಖಿ, ಹಿಂದಿ ಲಿಪಿಗಳಲ್ಲಿ ಬರೆದ ಆ ಕಾಗದಗಳನ್ನು ಸರ್ಕಾರದ ಪರಿಶೀಲಕರು ತೆರೆದು ಓದುತ್ತಿದ್ದರು. ಇತ್ತ ಊರಿನಲ್ಲಿ ಮನೆಯವರೂ ಯಾರ ಬಳಿಯಾದರೂ ಓದಿಸಿಕೊಳ್ಳಬೇಕಿತ್ತು. ಗಂಡ ಹೆಂಡತಿಯ ನಡುವಿನ ಮಾತು ಮೂರು ನಾಲ್ಕು ಜನರ ಕಿವಿ ದಾಟಿ ಹೋಗಬೇಕಾದ ಸ್ಥಿತಿ. ಅನಕ್ಷರತೆ ಎಂದರೆ ಏನು ಎಂಬುದಕ್ಕೆ ಇದಕ್ಕಿಂತ ಹೆಚ್ಚಿನ ವಿವರಣೆ ಬೇಕಿಲ್ಲ.

ಆದರೂ ಸಿಪಾಯಿಗಳು ಜಾಣರು. ಕರಿಮೆಣಸು, ಕೆಂಪು ಮೆಣಸು ಎಂದು ಅಡುಗೆ ಮನೆಯ ಮಾತು ಬರೆಸಿ, ಭಾರತೀಯ ಸೈನಿಕರು ಎಷ್ಟು ಸಾಯುತ್ತಿದ್ದಾರೆ, ಬಿಳಿಯರು ಎಷ್ಟು ಉಳಿದಿದ್ದಾರೆ ಎಂಬ ಸುದ್ದಿ ದಾಟಿಸುತ್ತಿದ್ದರು. ತಮ್ಮಂದಿರನ್ನು ಸೈನ್ಯಕ್ಕೆ ಕಳಿಸಬೇಡಿ ಎಂದು ಸೂಚನೆ ಕೊಡುತ್ತಿದ್ದರು. ಅವುಗಳಲ್ಲಿ ಮತ್ತೊಂದು ಬಗೆಯ ಕಾಗದಗಳೂ ಇವೆ. ಫ್ರಾನ್ಸಿನ ಹಳ್ಳಿಗಳಲ್ಲಿ ಗಂಡಸರು ಯುದ್ಧಕ್ಕೆ ಹೋದಾಗ ಹೆಂಗಸರು ಹೊಲ, ಅಂಗಡಿ, ಲೆಕ್ಕಪತ್ರ ಎಲ್ಲವನ್ನೂ ನಡೆಸುವುದನ್ನು ಈ ಸಿಪಾಯಿಗಳು ಕಣ್ಣಾರೆ ಕಂಡರು. ಕಂಡು, ನಮ್ಮ ಮಕ್ಕಳನ್ನು ಓದಿಸಿ, ಹೆಣ್ಣುಮಕ್ಕಳನ್ನೂ ಓದಿಸಿ ಎಂದು ಮನೆಗೆ ಬರೆಸಿದರು. ತಾವು ಓದಲಾರದ ಕಾಗದದಲ್ಲಿ ಮಗಳ ಓದಿಗಾಗಿ ಕೇಳಿಕೊಂಡರು! ಆ ಕಾಗದಗಳ ಅನುವಾದಗಳು ಇಂದಿಗೂ ಲಂಡನ್ನಿನ ಬ್ರಿಟಿಷ್ ಲೈಬ್ರರಿಯಲ್ಲಿವೆ. ಹೆಣ್ಣುಮಕ್ಕಳ ಓದು ಹತ್ತನೆಯ ತರಗತಿಗೆ ಸಾಕು ಎನ್ನುವ ತಂದೆತಾಯಿಗಳು ಇಲ್ಲಿ ಯಾರಾದರೂ ಇದ್ದರೆ ದಯವಿಟ್ಟು ಈ ಮಾತನ್ನು ಮನೆಗೆ ಕೊಂಡೊಯ್ಯಿರಿ.

ಕೊಟ್ಟ ಮಾತು, ಮುರಿದ ಮಾತು

1914ರ ನವೆಂಬರಿನಲ್ಲಿ ಉಸ್ಮಾನಿಯಾ ತುರ್ಕಿ ಜರ್ಮನಿಯ ಪಕ್ಷ ಸೇರಿ, ಖಲೀಫರ ಹೆಸರಿನಲ್ಲಿ ಜಿಹಾದ್ ಘೋಷಣೆ ಹೊರಟಿತು. ಬ್ರಿಟಿಷ್ ಸೈನ್ಯದಲ್ಲಿದ್ದ ಮುಸ್ಲಿಂ ಸಿಪಾಯಿಗಳು ಇಕ್ಕಟ್ಟಿಗೆ ಸಿಕ್ಕಿದರು. ಬಹುಪಾಲು ಜನ ತಿಂದ ಉಪ್ಪಿನ ಋಣ ಎಂದು ಸೇವೆಯಲ್ಲೇ ಉಳಿದರು. 1915ರ ಫೆಬ್ರವರಿ 15ರಂದು ಸಿಂಗಪುರದಲ್ಲಿ ಒಂದು ದಳ ದಂಗೆ ಎದ್ದಿತು. ತಮ್ಮನ್ನು ತುರ್ಕರ ವಿರುದ್ಧ ಕಳಿಸುತ್ತಾರೆ ಎಂಬ ಗಾಳಿಸುದ್ದಿ ಅದಕ್ಕೆ ಒಂದು ಕಾರಣ. ನಿಜವಾಗಿ ಅವರಿಗೆ ಬಂದಿದ್ದ ಆಜ್ಞೆ ಹಾಂಗ್‌ಕಾಂಗಿಗೆ ಹೋಗುವಂತೆ. 40ಕ್ಕೂ ಹೆಚ್ಚು ಸಿಪಾಯಿಗಳನ್ನು ಜನರ ಎದುರೇ ಗುಂಡಿಟ್ಟು ಕೊಂದರು. ಒಂದು ಗಾಳಿಸುದ್ದಿಯ ಬೆಲೆ ಎಷ್ಟು ನೋಡಿ.

ಅದೇ ಹೊತ್ತಿಗೆ ದೊಡ್ಡವರು ಏನು ಮಾಡುತ್ತಿದ್ದರು? ತುರ್ಕಿಯ ವಿರುದ್ಧ ಎದ್ದರೆ ಸ್ವತಂತ್ರ ರಾಜ್ಯ ಕೊಡುತ್ತೇವೆ ಎಂದು ಅರಬರಿಗೆ ಆಸೆ ಹುಟ್ಟಿಸಿದರು. 1916ರ ಮೇ ತಿಂಗಳಲ್ಲಿ ಬ್ರಿಟನ್ ಮತ್ತು ಫ್ರಾನ್ಸ್ ಅದೇ ನೆಲವನ್ನು ಗುಟ್ಟಾಗಿ ತಮ್ಮೊಳಗೆ ಹಂಚಿಕೊಂಡವು. 1917ರ ನವೆಂಬರ್ 2ರಂದು ಪ್ಯಾಲೆಸ್ಟೈನಿನಲ್ಲಿ ಯಹೂದಿಗಳಿಗೆ ರಾಷ್ಟ್ರೀಯ ನೆಲೆ ಒದಗಿಸಲು ನೆರವಾಗುತ್ತೇವೆ ಎಂದು ಬ್ರಿಟನ್ ಸಾರಿತು. ಒಂದೇ ಮನೆಯನ್ನು ಮೂವರಿಗೆ ಕ್ರಯಕ್ಕೆ ಬರೆದುಕೊಟ್ಟಂತಾಯಿತು. ಆ ನೆಲದಲ್ಲಿ ನೂರು ವರ್ಷ ಕಳೆದರೂ ರಕ್ತ ಹರಿಯುತ್ತಿರುವುದಕ್ಕೆ ಇದೂ ಒಂದು ಕಾರಣ.

ಭಾರತಕ್ಕೂ ಹೀಗೆಯೇ ಆಯಿತು. ಯುದ್ಧದ ನಂತರ ಸ್ವಯಮಾಡಳಿತ ಸಿಗುತ್ತದೆ ಎಂದು ಜನ ಕಾದಿದ್ದರು. 1919ರ ಮಾರ್ಚ್‌ನಲ್ಲಿ ಸಿಕ್ಕಿದ್ದು ವಿಚಾರಣೆಯಿಲ್ಲದೆ ಬಂಧಿಸುವ ರೌಲತ್ ಕಾಯ್ದೆ. ಏಪ್ರಿಲ್ 13ರಂದು ಜಲಿಯನ್‌ವಾಲಾ ಬಾಗ್. ಯುದ್ಧಕ್ಕೆ ಅತಿ ಹೆಚ್ಚು ಮಕ್ಕಳನ್ನು ಕೊಟ್ಟ ಪಂಜಾಬಿನಲ್ಲೇ ಅದು ನಡೆಯಿತು. ಈ ಅನ್ಯಾಯಗಳ ವಿರುದ್ಧ ಖಿಲಾಫತ್ ಮತ್ತು ಅಸಹಕಾರ ಚಳವಳಿಗಳು ಒಂದಾದವು. ಅಲಿ ಸಹೋದರರೂ ಗಾಂಧೀಜಿಯೂ ಒಂದೇ ವೇದಿಕೆಯಲ್ಲಿ ನಿಂತರು. 1924ರ ಮಾರ್ಚ್ 3ರಂದು ತುರ್ಕಿಯೇ ಖಿಲಾಫತನ್ನು ರದ್ದು ಮಾಡಿತು. ಚಳವಳಿ ಮುಗಿಯಿತು. ಆದರೆ ಅದರ ಕಾವಿನಲ್ಲಿ 1920ರ ಅಕ್ಟೋಬರ್ 29ರಂದು ಅಲೀಗಢದಲ್ಲಿ ಹುಟ್ಟಿದ ಒಂದು ವಿದ್ಯಾಸಂಸ್ಥೆ ಉಳಿಯಿತು. ಅದೇ ಜಾಮಿಯಾ ಮಿಲ್ಲಿಯಾ ಇಸ್ಲಾಮಿಯಾ. ಅದನ್ನು ಕಟ್ಟಿದವರ ಸಾಲಿನಲ್ಲಿದ್ದ ಯುವಕ ಜಾಕಿರ್ ಹುಸೇನ್ 1967ರಲ್ಲಿ ಭಾರತದ ರಾಷ್ಟ್ರಪತಿಯಾದರು. ಘೋಷಣೆ ಗಾಳಿಗೆ ಹೋಗುತ್ತದೆ, ಶಾಲೆ ನಿಲ್ಲುತ್ತದೆ.

ಸಮಾಜ ತೆತ್ತ ಬೆಲೆ

ಯುದ್ಧಭೂಮಿಯಿಂದ ಸಾವಿರಾರು ಮೈಲಿ ದೂರದ ಅಡುಗೆ ಮನೆಗೂ ಯುದ್ಧ ಬಂತು. ದವಸ ಧಾನ್ಯ, ಬಟ್ಟೆ, ಸೀಮೆಎಣ್ಣೆ ಎಲ್ಲದರ ಬೆಲೆ ಏರಿತು. 1918ರಲ್ಲಿ ಮಳೆ ಕೈಕೊಟ್ಟಿತು. ಅದೇ ಜೂನ್ ತಿಂಗಳಲ್ಲಿ ಬೊಂಬಾಯಿ ಬಂದರಿಗೆ ಬಂದಿಳಿದ ಇನ್‌ಫ್ಲುಯೆಂಜಾ ರೈಲು ಹಾದಿ ಹಿಡಿದು ದೇಶವೆಲ್ಲ ಹರಡಿತು. ಭಾರತದಲ್ಲಿ ಸತ್ತವರು ಒಂದು ಕೋಟಿಗೂ ಹೆಚ್ಚು, ಅಂದರೆ ಯುದ್ಧದಲ್ಲಿ ಮಡಿದ ಭಾರತೀಯರ ನೂರು ಪಟ್ಟಿಗೂ ಮಿಗಿಲು. ಗಂಡಸರಿಗಿಂತ ಹೆಂಗಸರೇ ಹೆಚ್ಚು ಸತ್ತರು. ಅರೆಹೊಟ್ಟೆಯಲ್ಲಿದ್ದು ರೋಗಿಗಳ ಆರೈಕೆ ಮಾಡಿದವರು ಅವರೇ ತಾನೆ! 1921ರ ಜನಗಣತಿಯಲ್ಲಿ ಭಾರತದ ಜನಸಂಖ್ಯೆ 1911ಕ್ಕಿಂತ ಕಡಿಮೆಯಾಗಿತ್ತು. ನಮ್ಮ ಜನಗಣತಿಯ ಇತಿಹಾಸದಲ್ಲಿ ಹತ್ತು ವರ್ಷಗಳಲ್ಲಿ ಸಂಖ್ಯೆ ಇಳಿದ ದಶಕ ಅದೊಂದೇ.

ಯುರೋಪಿನಲ್ಲಿ ರಷ್ಯಾ, ಜರ್ಮನಿ, ಆಸ್ಟ್ರಿಯಾ-ಹಂಗೆರಿ, ಉಸ್ಮಾನಿಯಾ ಎಂಬ ನಾಲ್ಕು ಸಾಮ್ರಾಜ್ಯಗಳು ಉರುಳಿದವು. ಕಾರ್ಖಾನೆಗಳಲ್ಲಿ ದುಡಿದ ಎಲ್ಲ ಮಹಿಳೆಯರನ್ನೂ ಮತ್ತೆ ಮನೆಯೊಳಗೆ ಕೂರಿಸಲಾಗಲಿಲ್ಲ. 1918ರಲ್ಲಿ ಬ್ರಿಟನ್ ಮೂವತ್ತು ದಾಟಿದ ಅನೇಕ ಮಹಿಳೆಯರಿಗೆ ಮತದಾನದ ಹಕ್ಕು ಕೊಟ್ಟಿತು, ಅದೇ ವರ್ಷ ಜರ್ಮನಿಯೂ ಕೊಟ್ಟಿತು. ಕಾರ್ಮಿಕರ ಹಿತಕ್ಕಾಗಿ 1919ರಲ್ಲಿ ಅಂತರರಾಷ್ಟ್ರೀಯ ಕಾರ್ಮಿಕ ಸಂಘಟನೆ ಹುಟ್ಟಿತು. ದೇಹಕ್ಕೆ ಗಾಯವಿಲ್ಲದಿದ್ದರೂ ಮನಸ್ಸು ಮುರಿದ ಸಾವಿರಾರು ಸೈನಿಕರನ್ನು ಕಂಡು, ಮನಸ್ಸಿಗೂ ಗಾಯವಾಗುತ್ತದೆ ಎಂಬುದನ್ನು ವೈದ್ಯರು ಒಪ್ಪಬೇಕಾಯಿತು. ಒಳ್ಳೆಯದೂ ಆಯಿತಲ್ಲ ಎಂದು ಯಾರೂ ಯುದ್ಧವನ್ನು ಹೊಗಳಬಾರದು. ಇವೆಲ್ಲವನ್ನೂ ಕೋಟಿ ಹೆಣಗಳಿಲ್ಲದೆಯೂ ಪಡೆಯಬಹುದಿತ್ತು.

1919ರ ಜೂನ್ 28ರಂದು, ಸರಾಯೆವೊದ ಕೊಲೆಗೆ ಸರಿಯಾಗಿ ಐದು ವರ್ಷ ತುಂಬಿದ ದಿನ, ವರ್ಸೇಲ್ಸ್ ಒಪ್ಪಂದಕ್ಕೆ ಸಹಿ ಬಿತ್ತು. ಯುದ್ಧದ ಹೊಣೆಯನ್ನು ಜರ್ಮನಿ ಮತ್ತು ಅದರ ಮಿತ್ರರ ಮೇಲೆ ಹೊರಿಸಿ, ಭಾರಿ ಪರಿಹಾರ ಹೇರಿದರು. ಸೋತವರ ಮನಸ್ಸಿನಲ್ಲಿ ಸೇಡು ಹೊಗೆಯಾಡಿತು. ಬಡತನ, ನಿರುದ್ಯೋಗಗಳ ನಡುವೆ 1933ರಲ್ಲಿ ಹಿಟ್ಲರ್ ಅಧಿಕಾರಕ್ಕೆ ಬಂದ. 1939ರಲ್ಲಿ ಎರಡನೆಯ ಮಹಾಯುದ್ಧ. ಒಂದು ಯುದ್ಧದ ಪರಿಣಾಮವೇ ಇನ್ನೊಂದು ಯುದ್ಧದ ಕಾರಣವಾಯಿತು. ಪರೀಕ್ಷೆಯಲ್ಲಿ ಕಾರಣ ಮತ್ತು ಪರಿಣಾಮ ಎಂದು ಎರಡು ಪ್ರಶ್ನೆ ಕೇಳುತ್ತಾರೆ. ಇತಿಹಾಸದಲ್ಲಿ ಅವೆರಡೂ ಒಂದೇ ಸರಪಳಿಯ ಕೊಂಡಿಗಳು.

ವಿದ್ಯಾರ್ಥಿಗಳಿಗೆ ಎರಡು ಮಾತು

ಮೊದಲನೆಯದು, ಪಾಠದ ಬಗ್ಗೆ. ಒಬ್ಬರನ್ನೊಬ್ಬರು ದ್ವೇಷಿಸಲು ಕಲಿಸಿದ ಫ್ರಾನ್ಸ್ ಮತ್ತು ಜರ್ಮನಿಗಳು 2006ರಲ್ಲಿ ಒಂದು ಕೆಲಸ ಮಾಡಿದವು. ಎರಡೂ ದೇಶದ ಇತಿಹಾಸಕಾರರು, ಅಧ್ಯಾಪಕರು ಕೂತು ಒಂದೇ ಇತಿಹಾಸ ಪಠ್ಯವನ್ನು ಬರೆದು ಎರಡೂ ಭಾಷೆಗಳಲ್ಲಿ ಅಚ್ಚು ಹಾಕಿಸಿದರು. ಗೋಡೆಯ ಮೇಲಿನ ಕಪ್ಪು ಭೂಪಟದಿಂದ ಆ ಪಠ್ಯಪುಸ್ತಕಕ್ಕೆ ಬರಲು ಎರಡು ಮಹಾಯುದ್ಧಗಳು ಬೇಕಾದವು. ಊರು ಕೊಳ್ಳೆ ಹೋದ ಮೇಲೆ ಕೋಟೆ ಬಾಗಿಲು ಹಾಕಿದಂತೆ ಎನ್ನಬಹುದು. ಆದರೂ ಹಾಕಿದರಲ್ಲ! ನಮ್ಮ ಪಕ್ಕದ ಮನೆಯವನ, ಪಕ್ಕದ ಬೀದಿಯವನ ಕಥೆಯನ್ನು ಅವನ ಬಾಯಿಂದಲೇ ಕೇಳುವ ಅಭ್ಯಾಸವನ್ನು ನೀವು ಈಗಲೇ ಮಾಡಿಕೊಳ್ಳಿ. ಉರ್ದು ಬಲ್ಲವರು ಕನ್ನಡವನ್ನೂ ಚೆನ್ನಾಗಿ ಓದಿ. ಕನ್ನಡ ಬಲ್ಲವರು ಉರ್ದುವಿನ ರುಚಿಯನ್ನೂ ನೋಡಿ. ಭಾಷೆ ಬಂದರೆ ಅರ್ಧ ಭಯ ಹೋಗುತ್ತದೆ.

ಎರಡನೆಯದು, ಸುದ್ದಿಯ ಬಗ್ಗೆ. 1914ರಲ್ಲಿ ತಂತಿಯಲ್ಲಿ, ಪತ್ರಿಕೆಯಲ್ಲಿ ಹರಡಿದ್ದು ಇಂದು ಮೊಬೈಲಿನಲ್ಲಿ ಕ್ಷಣಮಾತ್ರದಲ್ಲಿ ಹರಡುತ್ತದೆ. ನಿಮ್ಮ ಕೈಗೆ ಬಂದ ಸಂದೇಶವನ್ನು ಮುಂದೆ ಕಳಿಸುವ ಮೊದಲು ಮೂರು ಪ್ರಶ್ನೆ ಕೇಳಿಕೊಳ್ಳಿ. ಇದನ್ನು ಹೇಳಿದವರು ಯಾರು? ಅವರಿಗೆ ಹೇಗೆ ಗೊತ್ತಾಯಿತು? ಇದು ಸುಳ್ಳಾದರೆ ಪೆಟ್ಟು ಬೀಳುವುದು ಯಾರಿಗೆ? ಸಿಂಗಪುರದ ಸಿಪಾಯಿಗಳಿಗೆ ಈ ಪ್ರಶ್ನೆ ಕೇಳುವ ಅನುಕೂಲ ಇರಲಿಲ್ಲ. ನಿಮಗೆ ಇದೆ. ನಿಮಗೆ ಅಕ್ಷರ ಬರುತ್ತದೆ, ಗ್ರಂಥಾಲಯವಿದೆ, ಕೇಳಲು ಗುರುಗಳಿದ್ದಾರೆ.